ಕೋಲ್ಡ್ ಸ್ಟೋರೇಜಿನ ಸಾಕ್ಷಿ

"ಈ ಹುಡುಗಿ ಮ್ಯಾಲ ಹಾವೇರಿಗೆ ಹೋಗಿ ಪೊಲೀಸ್ ಕಂಪ್ಲೇಂಟ್ ಕೊಡ್ರಿ. ಇವತ್ತ ಕೊಡ್ರಿ. ನಾಳೆ ಅಂದ್ರ ಓಡಿ ಹೋಗ್ತಾಳ!"

ಪ್ರವೀಣಕುಮಾರ ಹೀಗೆ ಅಂದದ್ದೇ ತಡ, ನನ್ನ ಮುಷ್ಟಿ ಮೇಜಿನ ಮೇಲೆ ಬಿತ್ತು. ಮೋಟೆಬೆನ್ನೂರಿನ ಆ ಸಭಾಂಗಣದ ಫ್ಯಾನುಗಳೆಲ್ಲ ಗಕ್ಕನೆ ನಿಂತವು. ಕರೆಂಟು ಹೋದದ್ದಕ್ಕೆ ನಿಂತವು ಎಂದು ಹೊಟ್ಟೆಕಿಚ್ಚಿನ ಜನ ಈಗಲೂ ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಯಾರಿಗೆ ಹೆದರಿ ನಿಂತೆವೆಂದು ಆ ಫ್ಯಾನುಗಳಿಗೆ ಗೊತ್ತು.

"ಓಡಿ ಹೋಗಾಕ ಆಕಿ ಏನ್ ಕದ್ದಾಳೋ ತಮ್ಮಾ?" ಎಂದೆ.

"ಕದಿಯೋದು ಬ್ಯಾರೆ ಬೇಕೇನ್ರಿ? ಗುಟ್ಟು ಮಾರ್ಯಾಳ."

ಅಫ್ರೀನ್ ಎದ್ದು ನಿಂತಳು. ತುಟಿ ನಡುಗುತ್ತಿತ್ತು, ಆದರೆ ದನಿ ನಡುಗಲಿಲ್ಲ. "ನಾ ಮಾರಿಲ್ರಿ."

ನಡುವೆ ಬಂದು ಸೇರಿಕೊಂಡ ಓದುಗರಿಗೆ ಒಂದೇ ಮಾತು: ನಾನು ರಾಣೆಬೆನ್ನೂರಿನ ಪತ್ತೇದಾರ ಜಟ್ಟೆಪ್ಪ, 'ಕೆಂಪುಗರಿ' ಎಂಬ ಮೆಣಸಿನಕಾಯಿ ಬೆಳೆಗಾರರ ಸಂಘದ ಗುಟ್ಟಿನ ದರಗಳು ತೆರೆಯುವ ಮೊದಲೇ ಹೇಗೆ ಹೊರಬೀಳುತ್ತಿವೆ ಎಂದು ಹುಡುಕಲು ಸಂಘದ ಅಧ್ಯಕ್ಷೆ ಮುತ್ತವ್ವ ನನ್ನನ್ನು ಕರೆಸಿದ್ದಾರೆ. ನನ್ನ ಹೆಸರು ಕಿವಿಗೆ ಬಿದ್ದರೆ ತುಂಗಭದ್ರೆ ಅರೆಗಳಿಗೆ ಹರಿಯುವುದನ್ನು ಮರೆಯುತ್ತಾಳೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಂಘದ ಮಾರಾಟ ನಡೆಯುವುದು ಹೀಗೆ. ಬೆಳೆಗಾರರು ಬ್ಯಾಡಗಿಯಲ್ಲಿ ಚೀಲ ಬಿಚ್ಚಿ ಇಡುತ್ತಾರೆ. ವ್ಯಾಪಾರಸ್ಥರು ಮುಟ್ಟಿ, ಮುರಿದು, ಮೂಸಿ ನೋಡಿ, ತಮ್ಮ ದರವನ್ನು ಫೋನಿನಲ್ಲಿ ಗುಟ್ಟಾಗಿ ಹಾಕುತ್ತಾರೆ. ಸಂಜೆ ಎಲ್ಲರ ದರವೂ ಒಮ್ಮೆಗೇ ತೆರೆಯುತ್ತದೆ. ಹೆಚ್ಚು ಹಾಕಿದವನಿಗೆ ಮಾಲು. ಉಳಿದವರ ದರ ಒಬ್ಬನಿಗೆ ಮಾತ್ರ ಮೊದಲೇ ತಿಳಿದರೆ? ಅವರಿಗಿಂತ ಒಂದೇ ರೂಪಾಯಿ ಹೆಚ್ಚಿಗೆ ಹಾಕಿ ಒಳ್ಳೆಯ ಮಾಲನ್ನೆಲ್ಲ ಎತ್ತಿಕೊಂಡು ಹೋಗುತ್ತಾನೆ. ಬೆಳೆದವರು ಕಣ್ಣು ಉಜ್ಜಿಕೊಳ್ಳುತ್ತಾರೆ, ಅದೂ ಮೆಣಸಿನಕಾಯಿ ಹಿಡಿದ ಕೈಯಲ್ಲಿ.

ಈ ಗುಟ್ಟಿನ ದರದ ಏರ್ಪಾಡನ್ನು ಸದ್ಯಕ್ಕೆ ಪರೀಕ್ಷೆಗೆಂದು ಮಾಡಿಕೊಟ್ಟವಳು ಅಫ್ರೀನ್. ರಾಣೆಬೆನ್ನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಇಸಾಕಸಾಬನ ಮಗಳು. ಇನ್ನು ಕಾಯಂ ಕೆಲಸ ಯಾರಿಗೆ ಕೊಡಬೇಕು, ಆ್ಯಪನ್ನು ಯಾವ ಪದ್ಧತಿಯಲ್ಲಿ ಕಟ್ಟಿಸಬೇಕು ಎಂದು ಸಂಘ ಇವತ್ತು ಠರಾವು ಮಾಡಬೇಕಿತ್ತು. ಎದುರಾಳಿ ಈ ಪ್ರವೀಣಕುಮಾರ. ಹಾವೇರಿಯಲ್ಲಿ ಗಾಜಿನ ಬಾಗಿಲಿನ ಕಚೇರಿ, ಕೊರಳಲ್ಲಿ ಟೈ, ಹಲ್ಲು ಎಷ್ಟು ಬಿಳುಪೆಂದರೆ ಅವನು ನಕ್ಕಾಗ ನಾನು ಬಿಸಿಲೆಂದು ಕೊಡೆ ಬಿಚ್ಚಿದ್ದುಂಟು.

"ನೋಡ್ರಿ ಹಿರಿಯಾರ," ಅವನು ಕೈ ಬೀಸಿದ. "ಆಕಿ ಮಾಡಿದ್ದು ಆ್ಯಪ್ ಅಲ್ಲವೇ ಅಲ್ಲ. ಬ್ರೌಸರಿನ್ಯಾಗ ತೆರಿಯೋ ಒಂದು ಪೇಜು. ಇನ್‌ಸ್ಟಾಲ್ ಇಲ್ಲ, ಏನಿಲ್ಲ. ಬೀದಿ ಬಾಗಲಾ ತೆರೆದಿಟ್ಟಂಗ. ನಾ ಕಟ್ಟಿಕೊಡೋದು ಖರೇ ಆ್ಯಪ್. ಫೋನಿನ ಒಳಗ ಕುಂದ್ರತೈತಿ. ನೆಟ್‌ವರ್ಕ್ ಇರಲಿ ಬಿಡಲಿ, ತೆರಿತೈತಿ. ಕ್ಯಾಮೆರಾ ಬೇಕ? ಐತಿ. ಗಂಟಿ ಹೊಡೀಬೇಕ? ಹೊಡಿತೈತಿ."

"ಖರೇ ಐತ್ರಿ, ಸುಳ್ಳಲ್ಲ," ಎಂದಳು ಅಫ್ರೀನ್. ಎದುರಾಳಿಯ ಮಾತು ನಿಜವಿದ್ದರೆ ನಿಜ ಎನ್ನುವ ಹುಡುಗಿಯನ್ನು ಕಳ್ಳಿ ಎನ್ನುತ್ತಾರೆ, ಕೇಳಿ! "ಆದ್ರ ನಮ್ಮ ಬೆಳೆಗಾರರ ಕೈಯಾಗ ನೂರಾ ಎಂಟ ನಮೂನಿ ಫೋನ್ ಅದಾವ್ರಿ. ಅರ್ಧಕ್ಕರ್ಧ ಫೋನಿನ್ಯಾಗ ಜಾಗಾನ ಇಲ್ಲ. ಆ್ಯಪ್ ಹಾಕ್ಕೋರಿ ಅಂದ್ರ ಮಮ್ಮಕ್ಕಳ ಫೋಟೋ ಅಳಸ್ಬೇಕಾಗತೈತಿ. ಯಾರ್ ಅಳಸ್ತಾರ? ಪೇಜ್ ಆದ್ರ ಲಿಂಕ್ ಒತ್ತಿದ್ರ ಮುಗೀತು. ನಾ ಒಂದ್ ಕಡೆ ತಿದ್ದಿದ್ರ ಎಲ್ಲಾರಿಗೂ ತಿದ್ದಿದಂಗ."

"ನೆಟ್‌ವರ್ಕ್ ಇಲ್ಲಂದ್ರ?" ಪ್ರವೀಣಕುಮಾರ ಕಣ್ಣು ಕಿರಿದು ಮಾಡಿದ.

"ಇಲ್ಲಂದ್ರ ತೆರಿಯಂಗಿಲ್ಲ. ಅದು ನನ್ನ ಪೇಜಿನ ಕುಂದು. ಮೊದಲನೇ ದಿನಾನ ಹೇಳೇನಿ."

ಮುತ್ತವ್ವ ಕನ್ನಡಕ ಹಣೆಗೇರಿಸಿಕೊಂಡರು. ಅವರ ಕಂಠ ಎಂಥದೆಂದರೆ, ಮೋಟೆಬೆನ್ನೂರಿನ ಹೊಲದಲ್ಲಿ ನಿಂತು ಆಳನ್ನು ಕರೆದರೆ ಬ್ಯಾಡಗಿಯಲ್ಲಿ ಇಬ್ಬರು 'ಬಂದೆ' ಅನ್ನುತ್ತಾರೆ. "ಅಂದ್ರ ತಂಗಿ, ನಿಂದು ಖಾನಾವಳಿ ಇದ್ದಂಗ. ಹ್ವಾದವ್ರಿಗೆ ಬಿಸಿ ರೊಟ್ಟಿ. ಹಾದಿ ಬಂದ್ ಆತಂದ್ರ ಉಪಾಸ. ಇವರದು ಮನಿ ಒಲಿ. ಹಾದಿ ಬಂದ್ ಆದ್ರೂ ಊಟ ಐತಿ, ಆದ್ರ ಮನಿಗೊಂದು ಒಲಿ ಹೂಡ್ಬೇಕು."

"ಬರೋಬ್ಬರಿ ಅಕ್ಕಾರ!" ಎಂದಳು ಅಫ್ರೀನ್.

ಈ ಹೋಲಿಕೆ ನನ್ನ ತಲೆಯಲ್ಲಿ ಹುಟ್ಟಿ ಎಷ್ಟೋ ವರ್ಷವಾಗಿತ್ತು, ಆ್ಯಪುಗಳು ಹುಟ್ಟುವ ಮೊದಲೇ. ಮುತ್ತವ್ವ ನನ್ನ ಬಾಯಿಂದ ಕಸಿದುಕೊಂಡರು. ಹೋಗಲಿ ಬಿಡಿ.

ಹಿಂದಿನ ಸಾಲಿನಿಂದ ಕುಪ್ಪೇಲೂರಿನ ಹಿರಿಯರೊಬ್ಬರು ಕೇಳಿದರು: "ಖಾನಾವಳಿ ಊಟಾನ ಡಬ್ಬಿಗೆ ಹಾಕಿಸಿ ಮನಿಗೆ ತಂದ್ರ ಹೆಂಗ?"

"ಆಗತೈತಿ ಅಜ್ಜಾರ," ಅಫ್ರೀನ್ ಮೊದಲ ಸಲ ನಕ್ಕಳು. "ಪೇಜನ್ನ ಎತ್ತಿ ಒಂದ್ ಆ್ಯಪಿನ ಡಬ್ಬಿಯೊಳಗ ಹಾಕೋದು. ಅದೂ ಒಂದ್ ಪದ್ಧತಿ. ಖರ್ಚ ಕಡಿಮಿ. ಆದ್ರ ಡಬ್ಬ್ಯಾಗಿಂದು ಯಾವಾಗ ಮಾಡಿದ್ದು ಅಂತ ಉಣ್ಣಾವರಿಗೆ ಗೊತ್ತಾಗಂಗಿಲ್ಲ."

"ಊಟದ ಮಾತು ಸಾಕ್ರಿ!" ಪ್ರವೀಣಕುಮಾರ ಸಿಡುಕಿದ. "ಸಾಕ್ಷಿ ಐತಿ. ಮಾಲತೇಶ ಸಾಹುಕಾರ್ರ, ಹೇಳ್ರಿ."

ಸಂಘದ ಮಾಲಿಗೆ ದರ ಹಾಕುವ ಬ್ಯಾಡಗಿಯ ದಲಾಲ ಮಾಲತೇಶ ಎದ್ದ. ಹೊಟ್ಟೆ ಮೊದಲು ಎದ್ದಿತು, ಅವನು ಆಮೇಲೆ. "ಕದರಮಂಡಲಗಿ ಹಣಮಪ್ಪನ ಆಣಿ ಮಾಡಿ ಹೇಳ್ತೇನ್ರಿ. ಹೋದ ವಾರ, ದರ ತೆರಿಯೋಕಿಂತ ಮೊದಲ, ಈ ಹುಡುಗಿ ಆ್ಯಪಿನ್ಯಾಗ ಎಲ್ಲಾರ ದರಾನೂ ನನ್ನ ಕಣ್ಣಾರೆ ನೋಡೇನಿ. ಸಂಜಿಗೆ ತೆರೆದಾಗ ಅವ ದರ! ನಾ ಸತ್ಯವಂತ, ಹೊಟ್ಯಾಗ ಇಟ್ಕೊಳ್ಳಾಕ ಆಗ್ಲಿಲ್ಲ."

ಆ ಹೊಟ್ಟೆಯಲ್ಲಿ ಹಾವೇರಿ ಜಿಲ್ಲೆಯ ಇಡೀ ಫಸಲು ಹಿಡಿಯುತ್ತದೆ, ಒಂದು ಸತ್ಯ ಹಿಡಿಯಲಿಲ್ಲವಂತೆ!

ಸಭೆ ಗುಜುಗುಜು ಎಂದಿತು. ಯಾರೋ ಒಬ್ಬ ಮೂಲೆಯಿಂದ ಅಂದೇಬಿಟ್ಟ: "ಪಂಪ್‌ಸೆಟ್ ರಿಪೇರಿಯವನ ಮಗಳಿಗೆ ಯಾಕ ಬೇಕಿತ್ತು ಈ ಉಸಾಬರಿ?"

ನನ್ನ ನೆತ್ತಿಯಿಂದ ಹೊಗೆ ಎದ್ದಿತು. ಉತ್ಪ್ರೇಕ್ಷೆಯಲ್ಲ, ಪಕ್ಕದಲ್ಲಿ ಕೂತವನು ಕೆಮ್ಮಿದ. "ಯಾವನಲೇ ಅಂವಾ? ನಿಮ್ಮ ಮೋಟರ್ ಸುಟ್ಟಾಗ ಇಸಾಕಸಾಬ ಬಾವ್ಯಾಗ ಇಳೀಬೇಕು, ಎದಿಮಟ ನೀರಾಗ ನಿಂತು ತಂತಿ ಸುತ್ತಬೇಕು. ಆವಾಗ ಆತ 'ಸಾಬ್ರ ಬರ್ರಿ, ಚಾ ಕುಡೀರಿ'. ಈಗ ಆತನ ಮಗಳು ನಿಮ್ಮ ಬೆಳಿಗೆ ಬೆಲಿ ಬರೂ ಹಾದಿ ಮಾಡಿಕೊಟ್ಟ್ರ 'ರಿಪೇರಿಯವನ ಮಗಳು'! ನಾಚಿಗಿ ಆಗಂಗಿಲ್ಲ? ಒಬ್ಬನ ಮಾತು ಕೇಳಿ ಒಂದ್ ಹುಡುಗಿ ಬಾಳೇವು ಒಲಿಗೆ ಹಾಕಾಕ ನಿಂತೀರಲ್ಲ!"

ಮುತ್ತವ್ವ ಕೈ ಎತ್ತಿದರು.

"ಜಟ್ಟೆಪ್ಪಣ್ಣ, ಸಂಜಿತನಾ ಟೈಮ್ ಕೊಡ್ತೇನಿ. ಇವತ್ತಿನ ಮಾರಾಟ ನಿಲ್ಲಂಗಿಲ್ಲ, ದರ ಹಾಕಿ ಮುಗದಾವು. ಸಂಜಿ ತೆರಿಯೋಣ. ಆವಾಗ ನೀ ಸಾಕ್ಷಿ ಸುಳ್ಳು ಮಾಡಿದ್ರ ಅಫ್ರೀನ್ ಉಳದ್ಳು. ಇಲ್ಲಂದ್ರ ಕೆಲಸ ಇವರಿಗೆ, ಕಂಪ್ಲೇಂಟ್ ಆಕಿ ಮ್ಯಾಲ."

* * *

ಬ್ಯಾಡಗಿಗೆ ಹೊರಟೆವು. ಸ್ಕೂಟಿ ಅಫ್ರೀನ್‌ಳದು, ಹಿಂದೆ ಕೂತವನು ನಾನು. ಆದರೆ ಸ್ಕೂಟಿಗೆ ಆ ವೇಗ ಬಂದದ್ದು ನನ್ನ ಸಿಟ್ಟಿನಿಂದ. ರಸ್ತೆಯ ಬದಿಯ ಗಿಡಗಳು ತಲೆ ತಗ್ಗಿಸಿ ದಾರಿ ಬಿಟ್ಟವು.

"ಕಾಕಾ," ಗಾಳಿಯ ನಡುವೆ ಅವಳ ದನಿ. "ಕಂಪ್ಲೇಂಟ್ ಒಂದ್ ಆತಂದ್ರ ಮುಗೀತ್ರಿ. ನಾಳೆ ಯಾರರ ಕೆಲಸ ಕೊಡ್ತಾರೇನು? ಗುಟ್ಟು ಮಾರಿದಾಕಿ ಅಂತ ಹೆಸರ ಕುಂದರತೈತಿ. ನಮ್ಮ ಅಬ್ಬಾ ಮಂದಿ ಬಾವಿ ಕಡೆ ಹ್ವಾದ್ರೂ ಅದನ್ನ ಕೇಳ್ಬೇಕು."

"ನಾ ಇದ್ದೇನಿ ಮಗಳ. ನಾ ಹಿಡದ ಕೇಸು ಸೋತಿದ್ದು ಐತೇನು?"

"ಹೋದ ತಿಂಗಳ ಮುಸ್ತಾಕ್ ಅಣ್ಣನ ಬೈಕ್..."

"ಆ ಬೈಕು ತಾನಾಗೆ ಹೋಗೈತಿ. ಅದರ ಮಾತು ಬ್ಯಾಡ."

ಬ್ಯಾಡಗಿ ಹತ್ತಿರ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ಹಾದಿಯಲ್ಲಿ ಹೋಗುವವರೆಲ್ಲ ಸೀನುತ್ತಿದ್ದರು, ದೊಡ್ಡವರು, ಸಣ್ಣವರು, ಲಾರಿಗಳು ಕೂಡ. ನಾನು ಸೀನಿದಾಗ ಅಂಗಡಿಯ ಸಾಲಿನಲ್ಲಿ ಮೂರು ಷಟರು ಕೆಳಗಿಳಿದವು.

ನಮಗಿಂತ ಮೊದಲೇ ಕಾರಿನಲ್ಲಿ ಬಂದಿದ್ದ ಮಾಲತೇಶ ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿದ್ದ. ಅಫ್ರೀನ್‌ಳನ್ನು ನೋಡಿ ಮುಖ ತಿರುಗಿಸಿದ. ನನ್ನನ್ನು ನೋಡಿ ಚಹಾ ತರಿಸಿದ.

ಸುಳ್ಳುಗಾರನನ್ನು ಹೊಡೆದು ಬಾಯಿ ಬಿಡಿಸುವವರು ಸಾಮಾನ್ಯ ಪತ್ತೇದಾರರು. ನಾನು ಹೊಗಳಿ ಬಿಡಿಸುತ್ತೇನೆ.

"ಸಾಹುಕಾರ್ರ, ನಿಮ್ಮಂಥಾ ಸತ್ಯವಂತರು ಈ ಪ್ಯಾಟಿಯೊಳಗ ಒಬ್ಬರ. ನಿಮಗ ಆ ದರ ಕಂಡಾವಲ್ಲ, ಆವಾಗ ಜೀವ ಹೆಂಗ ಆಗಿರಬೇಕು!"

"ಏನ್ ಕೇಳ್ತೀರಿ? ಕೈ ನಡುಗಿದ್ವು ಜಟ್ಟೆಪ್ಪನವರ."

"ಅಂಗಡ್ಯಾಗ ಇಷ್ಟ ಮಂದಿ. ಯಾರರ ನೋಡಿದ್ರ?"

ಅವನು ನನ್ನನ್ನು ಕೂಸಿನಂತೆ ನೋಡಿದ. "ಅಂಗಡ್ಯಾಗ ಯಾಂವ ನೋಡ್ತಾನ್ರಿ? ಗುಟ್ಟಿನ ಮಾತು, ಗುಟ್ಟಿನ ಲೆಕ್ಕ ನಾವು ಅಂಗಡ್ಯಾಗ ತಗಿಯಂಗಿಲ್ಲ. ಇಲ್ಲಿ ದಲಾಲರೆಲ್ಲಾರೂ ಹಂಗ. ಕೋಲ್ಡ್ ಸ್ಟೋರೇಜಿಗೆ ಹೋಗ್ತೇವಿ. ಮಾಲು ನೋಡಾಕ ಹ್ವಾದ್ರು ಅಂತ ಮಂದಿ ತಿಳೀತಾರ. ಒಳಗ ಚೀಲದ ಸಂದ್ಯಾಗ ನಿಂತು, ಕಂಬಳಿ ಹೊದ್ದು, ಬಾಗಲಾ ಹಾಕ್ಕೊಂಡ್ರ ಒಂದ್ ಹುಳಾನೂ ಬರಂಗಿಲ್ಲ."

"ಆವತ್ತ ಅಲ್ಲೇ ನಿಂತು ಆಕಿ ಆ್ಯಪ್ ತೆರೆದ್ರಿ?"

"ಅಲ್ಲೇ! ಬಾಗಲಾ ಹಾಕಿ, ಆರಾಮ್ ನಿಂತು ಒಂದೊಂದ ದರ ಓದೇನಿ."

ಅಫ್ರೀನ್‌ಳ ಕೈಯಲ್ಲಿದ್ದ ಚಹಾದ ಲೋಟ ಗಾಳಿಯಲ್ಲೇ ನಿಂತಿತು. ಅವಳು ನನ್ನ ಕಡೆ ನೋಡಿದಳು. ಕಣ್ಣು ಹುಣ್ಣಿಮೆ ಚಂದ್ರನಷ್ಟು ಅಗಲವಾಗಿತ್ತು. ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ವಿಷಯ ನನಗೆ ಅವಳಿಗಿಂತ ಒಂದು ಗಳಿಗೆ ಮೊದಲೇ ಹೊಳೆದಿತ್ತು. ಚಿಕ್ಕವಳು, ಸಂತೋಷಪಡಲಿ ಎಂದು ಸುಮ್ಮನಿದ್ದೆ.

"ಸಾಹುಕಾರ್ರ," ಎಂದೆ, "ನೀವು ದರ ನೋಡಿದ ಜಾಗಾನ ಸಂಘದ ಮಂದಿ ಒಂದ್ ಸಲ ಕಣ್ಣಿಲೆ ನೋಡಬೇಕು. ನಿಮ್ಮ ಸಾಕ್ಷಿಗೆ ತೂಕ ಬರತೈತಿ. ಸಂಜಿ ಸಭಾ ಅಲ್ಲೇ ಇಟ್ಟ್ರ?"

"ಇಡ್ರಿ, ಇಡ್ರಿ! ನಂದೇನ್ ಅಂಜಿಕಿ?" ಅವನು ಮೀಸೆ ತಿರುವಿದ. "ಕಂಬಳಿ ನಾನ ಕೊಡಿಸ್ತೇನಿ."

ಹೊರಗೆ ಬಂದು ಮುತ್ತವ್ವನವರಿಗೆ ಫೋನ್ ಮಾಡಿದೆ. "ಅಕ್ಕಾರ, ಸಭಾ ಬ್ಯಾಡಗಿ ಕೋಲ್ಡ್ ಸ್ಟೋರೇಜಿನ್ಯಾಗ. ಪ್ರವೀಣಕುಮಾರನ್ನೂ ಕರಕೊಂಡ ಬರ್ರಿ. ಆತ ಬರ್ಲೇಬೇಕು."

"ತಲಿ ಕೆಟ್ಟೈತೇನ್ ನಿನಗ? ಮುದುಕ ಮುದುಕ್ಯಾರು ಥಂಡಿ ಹಿಡದು ಸಾಯ್ತಾರ!"

"ಸತ್ಯಕ್ಕ ಕಾವು ಇರತೈತಿ, ಬರ್ರಿ."

ಇಂಥ ಮಾತು ನನಗೆ ತಾನಾಗಿ ಬರುತ್ತದೆ.

* * *

ಹೊರಗೆ ಇಳಿಬಿಸಿಲು ಇನ್ನೂ ಮೈ ಸುಡುತ್ತಿತ್ತು. ಒಳಗೆ ಕಾಲಿಟ್ಟರೆ ಹಿಮಾಲಯ. ನನ್ನ ಮೀಸೆಯ ತುದಿಯಲ್ಲಿ ಮಂಜುಗಡ್ಡೆ ಕಟ್ಟಿ ಟಣ್ ಎಂದು ಕೆಳಗೆ ಬಿತ್ತು. ಎರಡೂ ಕಡೆ ಮೆಣಸಿನಕಾಯಿ ಚೀಲಗಳ ಗೋಡೆ, ಸೂರಿನವರೆಗೆ. ನಡುವಿನ ಓಣಿಯಲ್ಲಿ ಸಂಘದ ಹಿರಿಯರೆಲ್ಲ ಕಂಬಳಿ ಹೊದ್ದು, ಮೂಗು ಮಾತ್ರ ಹೊರಗಿಟ್ಟು ನಿಂತಿದ್ದರು. ಮುತ್ತವ್ವನವರ ಪಕ್ಕದಲ್ಲಿ ಪ್ರವೀಣಕುಮಾರ, ಕಂಬಳಿ ಬೇಡವೆಂದು ಕೋಟಿನಲ್ಲೇ ನಡುಗುತ್ತ.

"ಸಾಹುಕಾರ್ರ, ಆವತ್ತ ಎಲ್ಲಿ ನಿಂತಿದ್ರಿ?"

"ಇಲ್ಲೆ." ಮಾಲತೇಶ ಕಾಲಿನಿಂದ ನೆಲ ತಟ್ಟಿ ತೋರಿಸಿದ.

"ಬಾಗಲಾ?"

"ಹಾಕಿತ್ತು."

"ಹಾಕ್ರಿ ಬಾಗಲಾ!"

ಗೇಣು ದಪ್ಪದ ಬಾಗಿಲು ದಬ್ ಎಂದು ಮುಚ್ಚಿತು. ಯಾರೋ 'ಯವ್ವಾ' ಅಂದರು.

"ಈಗ ಎಲ್ಲಾರೂ ಫೋನ್ ತಗೀರಿ. ಅಫ್ರೀನ್ ನಿಮಗ ಕಳಿಸಿದ ಲಿಂಕ್ ಐತಲ್ಲ, ಅದನ್ನ ಒತ್ತರಿ."

ಕಂಬಳಿಗಳೊಳಗಿಂದ ಕೈಗಳು, ಕೈಗಳಿಂದ ಬೆಳಕು. ಎಲ್ಲರ ಮುಖವೂ ನೀಲಿಯಾಯಿತು.

"ತಿರಗಾಕತ್ತೈತಿ."

"ನಂದೂ ಬರೇ ಚಕ್ರ ತಿರಗತೈತಿ."

"ನಂದ್ರಾಗ ಟವರ್ ಕಡ್ಡಿ ಒಂದೂ ಇಲ್ಲ!"

ಕುಪ್ಪೇಲೂರಿನ ಹಿರಿಯರು ಫೋನನ್ನು ಮೇಲೆತ್ತಿ, ಕೆಳಗಿಳಿಸಿ, ಕೊನೆಗೆ ಕೂಗಿದರು: "ಖಾನಾವಳಿ ಹಾದಿ ಬಂದ್ ಆಗೇತಲೇ!"

ನಾನು ಮಾಲತೇಶನ ಕಡೆ ತಿರುಗಿದೆ. "ಸಾಹುಕಾರ್ರ, ಇವರ್ಯಾರ್ದೂ ತೆರಿಯಾಕ ಒಲ್ಲದು. ನೀವು ಆವತ್ತ ತೆರೆದ್ರಿ ಅಂತೀರಿ. ಮಂದಿ ನಿಮ್ಮನ್ನ ಸುಳ್ಳುಗಾರ ಅಂದಾರು."

"ಯಾಂವ ಅಂತಾನ?" ಅವನು ಕೆರಳಿದ. "ಹಣಮಪ್ಪನ ಆಣಿ ಮಾಡೇನಿ! ತೋರಸ್ತೇನಿ, ತಡೀರಿ." ಫೋನು ತೆಗೆದ. ಪರದೆಯ ಮೇಲೆ ಕೆಂಪು ಮೆಣಸಿನಕಾಯಿಯ ಪುಟ್ಟ ಚಿತ್ರವೊಂದಿತ್ತು. ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು! ಅಫ್ರೀನ್‌ಳ ಪೇಜಿನದೇ ಬಣ್ಣ, ಅದೇ ಅಕ್ಷರ, ಅದೇ 'ಕೆಂಪುಗರಿ'. "ನೋಡ್ರಿ! ತೆರೀತು! ನಾ ಹೇಳಲಿಲ್ಲೇನು?"

ಅವನು ಫೋನನ್ನು ದೀಪದಂತೆ ಎತ್ತಿ ಹಿಡಿದು, ಎಲ್ಲರಿಗೂ ತಿರುಗಿಸಿ ತಿರುಗಿಸಿ ತೋರಿಸಿದ. ತನ್ನ ಮರಣದ ತೀರ್ಪನ್ನು ಇಷ್ಟು ಖುಷಿಯಿಂದ ಮೆರವಣಿಗೆ ಮಾಡಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಮೆಲ್ಲಗೆ, ಅವನ ನಗೆ ಬಾಯಿಯ ಒಂದು ಬದಿಯಿಂದ ಜಾರತೊಡಗಿತು.

"ಎಲ್ಲಾರದೂ ಯಾಕ ತೆರಿಯವಲ್ಲದು?" ಎಂದ.

"ಯಾಕಂದ್ರ ನನ್ನ ಪೇಜ್ ಈ ಬಾಗಲಾ ದಾಟಿ ಒಳಗ ಬರಂಗಿಲ್ರಿ," ಎಂದಳು ಅಫ್ರೀನ್. ಅವನ ಕೈಯಿಂದ ಫೋನು ತೆಗೆದುಕೊಂಡಳು. "ಇದು ನಂದಲ್ಲ. ನನ್ನ ಪೇಜನ್ನ ಹಂಗ ಎತ್ತಿ ಡಬ್ಬಿಗೆ ಹಾಕ್ಯಾರ. ಹೊರಗ ನೆಟ್‌ವರ್ಕ್ ಇದ್ದಾಗ ದರ ತಂದು ಒಳಗ ಇಟ್ಕೊಂಡೈತಿ. ಅದಕ್ಕ ಇಲ್ಲಿ ತೆರೀತು. ನಾ ಇಂಥಾದ್ದು ಮಾಡೇ ಇಲ್ಲ. ಮಾಡಬೇಕೋ ಬ್ಯಾಡೋ ಅಂತ ನೀವಿನ್ನೂ ಠರಾವನ ಮಾಡಿಲ್ಲ!"

"ಸಾಹುಕಾರ್ರ, ಇದನ್ನ ನಿಮ್ಮ ಫೋನಿಗೆ ಹಾಕಿಕೊಟ್ಟವ್ರು ಯಾರು?" ಎಂದೆ.

ಮಾಲತೇಶನ ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ಕಣ್ಣುಗಳು ತಾವಾಗಿಯೇ ಹೊರಳಿ ಪ್ರವೀಣಕುಮಾರನ ಕೋಟಿನ ಮೇಲೆ ನಿಂತವು.

"ಇವರ... ಫೋನಿಗೆ ಕಳಿಸಿದ್ರು. 'ಆ ಹುಡುಗಿ ಆ್ಯಪ್ ಇದು, ಹಾಕ್ಕೋರಿ, ದರ ಕಾಣ್ತಾವು' ಅಂದ್ರು. ಎರಡು ವಾರ ಮಾಲು ಎತ್ತಿದೆ. ಆಮ್ಯಾಲ 'ಈಗ ಹೋಗಿ ಆಕಿ ಮ್ಯಾಲ ದೂರು ಹೇಳ್ರಿ, ನಿಮ್ಮ ಹೆಸರು ಬರಂಗಿಲ್ಲ' ಅಂದ್ರು..."

ಅಷ್ಟು ಸಾಕಾಗಿತ್ತು. ನನ್ನ ಕೂಗಿಗೆ ಮೇಲಿನ ಚೀಲವೊಂದು ಜಾರಿ ಬಿತ್ತು.

"ಕೇಳಿದ್ರಿಲ್ಲೋ ದೊಡ್ಡ ಮಂದಿ? ಆಕಿ ಮುಖವಾಡ ಹಾಕ್ಕೊಂಡು ಇಂವಾ ಕಳುವು ಮಾಡ್ಯಾನ. ಆಮ್ಯಾಲ ಆಕಿನ್ನ ಕಳ್ಳಿ ಮಾಡ್ಯಾನ. ನೀವೆಲ್ಲಾ ಕೂಡಿ ಅರ್ಧಾ ದಿನದಾಗ ನಂಬೀರಿ! ಕೋಟು ಹಾಕ್ಕೊಂಡವ ಹೇಳಿದ್ರ ಖರೇ, ಆಕಿ ಹೇಳಿದ್ರ ಸುಳ್ಳ? ತನ್ನ ಪೇಜಿನ ಕುಂದು ತಾನ ಎದ್ದು ನಿಂತು ಹೇಳಿದಾಕಿ ಆಕಿ. ನಿಮ್ಮೊಳಗ ಒಬ್ಬರರ ತಮ್ಮ ಮಾಲಿನ ಕುಂದು ತಾವು ಹೇಳಿದ್ದು ಐತೇನು? ಕೆಳಗ ಹಸಿಕಾಯಿ, ಮ್ಯಾಲ ಒಣಕಾಯಿ ಇಟ್ಟು ಚೀಲ ಹೊಲಿಯೋ ಮಂದಿ!"

ಕಂಬಳಿಗಳು ಒಂದಿಷ್ಟು ಕುಗ್ಗಿದವು. ಬೆಳಿಗ್ಗೆ ಮೂಲೆಯಿಂದ ಮಾತಾಡಿದವನು ಚೀಲಗಳ ನಡುವೆ ಚೀಲವಾಗಲು ನೋಡಿದ.

"ತಪ್ಪಾತವ್ವ," ಎಂದರು ಕುಪ್ಪೇಲೂರಿನ ಹಿರಿಯರು.

ಆಗ ಪ್ರವೀಣಕುಮಾರ ಚಪ್ಪಾಳೆ ತಟ್ಟಿದ. ಒಂದು. ಇನ್ನೊಂದು. ಚಳಿಗೆ ಕೈ ಬಡಿದುಕೊಂಡನೆಂದು ಮೊದಲು ತಿಳಿದೆ.

"ಭಾರಿ ಮಾತು, ಪತ್ತೇದಾರ್ರ. ಡಬ್ಬಿ ನಂದು, ಒಪ್ಕೊತೇನಿ. ಊಟ ಯಾರದು?"

"ಏನಲೇ?"

"ಬಣ್ಣಾ ಅಕ್ಷರಾ ನಾ ಎತ್ತಬಹುದು. ದರ ಎಲ್ಲಿಂದ ತರ್ಲಿ? ಅವು ಆಕಿ ಪೇಜಿನ ಒಳಗ ಭದ್ರ ಅದಾವು. ಪಾಸ್‌ವರ್ಡ್ ಇಲ್ಲದ ನಾನೂ ಮುಟ್ಟಾಕಾಗಂಗಿಲ್ಲ, ನಮ್ಮಪ್ಪನೂ ಮುಟ್ಟಾಕಾಗಂಗಿಲ್ಲ." ಅವನು ಮುತ್ತವ್ವನವರ ಕಡೆ ತಿರುಗಿದ. "ಆ ಫೋನಿನ್ಯಾಗ ನಿಮ್ಮ ಚೀಲದ ಮುಂದ ಏನ್ ಬರದೈತಿ ನೋಡ್ರಿ ಅಕ್ಕಾರ. ಹಳೇದಲ್ಲ. ಇವತ್ತಿಂದು."

ಮುತ್ತವ್ವ ಕನ್ನಡಕ ಇಳಿಸಿ ಬಗ್ಗಿ ನೋಡಿದರು. ಅವರ ಬೆರಳು ಪರದೆಯ ಮೇಲೆ ನಿಂತಲ್ಲೇ ನಿಂತಿತು. ಇನ್ನೂ ಯಾರೂ ತೆರೆಯದ ಇವತ್ತಿನ ದರಗಳು, ಸಾಲಾಗಿ, ಹೆಸರು ಸಹಿತ.

"ಕದ್ದಿ!" ಎಂದು ನಾನು ಅವನ ಕೊರಳಪಟ್ಟಿ ಹಿಡಿದೆ. "ಪಾಸ್‌ವರ್ಡೂ ಕದ್ದಿ!"

"ಕದೀಲಿಲ್ಲ," ಅವನು ಉಸಿರು ಕಟ್ಟಿದರೂ ನಗುತ್ತಿದ್ದ. "ಕೊಟ್ರು. ಕೊಟ್ಟವ್ರು ಇಲ್ಲೇ ಕಂಬಳಿ ಹೊದ್ದು ನಿಂತಾರ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲ ಮುಖಗಳೂ ಮೂಗಿನವರೆಗೆ ಮುಚ್ಚಿದ್ದವು.

"ಸುಳ್ಳ!" ನಾನು ಗರ್ಜಿಸಿದೆ. "ಅಫ್ರೀನ್, ಹೇಳವ್ವ. ಪಾಸ್‌ವರ್ಡ್ ನಿನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ, ಹೌದಲ್ಲೋ? ನನ್ನ ಮುಖ ನೋಡಿ ಹೇಳು."

ಅಫ್ರೀನ್ ನನ್ನ ಮುಖ ನೋಡಲಿಲ್ಲ.

"ನಿನ್ನೆ ದರ ಹೊರಗ ಬೀಳ್ತಾವ ಅನ್ನೋ ಮಾತು ಎದ್ದ ಕೂಡ್ಲೇ ಪಾಸ್‌ವರ್ಡ್ ಬದಲಿಸೇನಿ ಕಾಕಾ," ಎಂದಳು. ದನಿ ಮೊದಲ ಸಲ ನಡುಗಿತು. "ಹೊಸಾದನ್ನ ಇವತ್ತ ಮುಂಜಾನೆ ಒಬ್ಬರಿಗೆ ಕೊಟ್ಟೆ. ಹಳೇದೂ ಅವರಿಗೆ ಕೊಟ್ಟಿದ್ದೆ. ಕೊಡಬಾರದು ಅಂತ ಗೊತ್ತಿತ್ತು. ಕೊಟ್ಟಾಕಿ ನಾನ."

ನನ್ನ ಕೈ ಪ್ರವೀಣಕುಮಾರನ ಕೊರಳಪಟ್ಟಿಯಿಂದ ತಾನಾಗಿ ಜಾರಿತು.

"ಯಾರಿಗೆ?"

ಅವಳು ತಲೆ ಎತ್ತಿದಳು. ಬಾಯಿ ತೆರೆದಳು.

ದೊಪ್ಪನೆ ಸದ್ದಾಯಿತು. ಮುತ್ತವ್ವ, ಸಂಘದ ಅಧ್ಯಕ್ಷೆ, ನನ್ನನ್ನು ಈ ಕೇಸಿಗೆ ಕರೆಸಿದ ಮುತ್ತವ್ವ, ಆ ತಣ್ಣನೆಯ ನೆಲದ ಮೇಲೆ ಮೊಣಕಾಲೂರಿ ಕುಸಿದಿದ್ದರು. ಅವರ ಎರಡೂ ಕೈಗಳು ಅಫ್ರೀನ್‌ಳ ಪಾದ ಹಿಡಿದಿದ್ದವು.

"ಹೇಳಬ್ಯಾಡವ್ವಾ," ಎಂದರು. ಅವರ ದನಿ ಪಕ್ಕದ ಚೀಲದವರೆಗೂ ಮುಟ್ಟಲಿಲ್ಲ. "ಕಂಪ್ಲೇಂಟ್ ನನ್ನ ಮ್ಯಾಲ ಕೊಡ್ರಿ. ಆ ಹೆಸರು ಮಾತ್ರ ಹೇಳಬ್ಯಾಡ."